ಗಾಜಿನ ಎಳೆಯ ಆ ತುದಿಗೆ ನಮ್ಮವರು

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೊದಲ ವರ್ಷ ನನ್ನ ಗಂಡ ನನ್ನ ಜೊತೆ ಮಾತಾಡಿದ್ದಕ್ಕಿಂತ ಹಿತ್ತಲಿನ ಎಮ್ಮೆಯ ಜೊತೆ ಮಾತಾಡಿದ್ದೇ ಹೆಚ್ಚು. ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಿರಿಯರ ಕಿವಿಗೆ ಬೀಳುವ ಹಾಗೆ ಗಂಡ ಹೆಂಡತಿ ಮಾತಾಡಿಕೊಳ್ಳುವುದು ಆ ಮನೆಯಲ್ಲಿ ಮರ್ಯಾದೆಗೇಡು. ಮನೆಯಾದರೂ ಎಷ್ಟು ದೊಡ್ಡದು? ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ನಮ್ಮ ಕೋಣೆ. ಆ ಕೋಣೆಗೂ ಅತ್ತೆಯ ಹಾಸಿಗೆಗೂ ನಡುವೆ ಒಂದು ಹಲಗೆಯ ಅಡ್ಡಗೋಡೆ. ಅತ್ತೆಯ ಕಿವಿ ಬಲು ಚುರುಕು, ನಿದ್ದೆ ಬಲು ಕಡಿಮೆ.

ಹಾಗಾಗಿ ನನ್ನ ಗಂಡ ನನಗೆ ಹೇಳಬೇಕಾದದ್ದನ್ನು ಎಮ್ಮೆಗೆ ಹೇಳುತ್ತಿದ್ದರು. ಬೆಳಿಗ್ಗೆ ಮೇವು ಹಾಕುತ್ತ, "ಇವತ್ತ ನಾ ಬರೂದು ತಡ ಆಗತೈತಿ. ದಾರಿ ಕಾಯಬ್ಯಾಡ" ಅನ್ನುವರು. ಆ ಎಮ್ಮೆ ಯಾವತ್ತೂ ಯಾರ ದಾರಿಯನ್ನೂ ಕಾದದ್ದಿಲ್ಲ. ನಾನು ಅಡುಗೆಮನೆಯ ಒಳಗಿನಿಂದ ಸೌಟನ್ನು ಪಾತ್ರೆಗೆ ಒಂದು ಸಲ ಬಡಿಯುತ್ತಿದ್ದೆ. ಕೇಳಿಸಿತು, ಆಗಲಿ ಎಂದು ಅದರ ಅರ್ಥ. ಸಿಟ್ಟು ಬಂದಿದ್ದರೆ ಬಡಿಯುತ್ತಿರಲಿಲ್ಲ. ಆಗ ಅವರು ಎಮ್ಮೆಗೆ ಇನ್ನೊಂದು ಹಿಡಿ ಮೇವು ಹಾಕಿ, ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಮೆಟ್ಟಿಕೊಂಡು ಹೋಗುವರು. ನನ್ನ ಸಿಟ್ಟಿನಿಂದ ಆ ಎಮ್ಮೆ ಚೆನ್ನಾಗಿ ಮೈಹಿಡಿದಿತ್ತು.

ನಾನು ಕಿತ್ತೂರಿನವಳು. ನಮ್ಮ ಅಪ್ಪನ ಮನೆಯಲ್ಲಿ ಊಟಕ್ಕೆ ಕುಳಿತರೆ ತಟ್ಟೆ ಒಣಗುವವರೆಗೆ ಮಾತು. ಹೆಣ್ಣುಮಕ್ಕಳು ಕಲಿಯಲಿ ಎಂದು ಅಪ್ಪ ನನ್ನನ್ನು ಬೆಳಗಾವಿಗೆ ಕಳಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಸಿದ್ದ. ಅಂಥ ಮನೆಯಿಂದ ಬಂದವಳು ಸೌಟಿನ ಭಾಷೆಗೆ ಇಳಿದಿದ್ದೆ. ಗಂಡ ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಒಳ್ಳೆಯವರೇ, ಆದರೆ ಅವ್ವನ ಎದುರು ಬಾಯಿ ಬಿಡದ ಒಳ್ಳೆಯವರು.

ಬಜಾರದಲ್ಲಿ ಅವರದು ಸಣ್ಣ ಅಂಗಡಿ. ಟೆಲಿಫೋನು, ಇಂಟರ್‌ಕಾಮ್ ರಿಪೇರಿಯಿಂದ ಶುರುವಾದದ್ದು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮ್ಮ ಕಡೆಯ ಕಾಲೇಜು, ಕಚೇರಿ, ಗಿರಣಿಗಳಿಗೆ ಕಂಪ್ಯೂಟರ್ ಬಂದವು. ಬಂದ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಬೇಕಲ್ಲ, ಅದಕ್ಕೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕೇಬಲ್ ಎಳೆದರು. ಸಾದಾ ತಾಮ್ರದ ತಂತಿ ಅಷ್ಟು ದೂರ ತಾಳುವುದಿಲ್ಲ, ಸಿಡಿಲು ಬಡಿದರೆ ಎರಡೂ ಕಡೆಯ ಯಂತ್ರಗಳು ಸುಟ್ಟುಹೋಗುತ್ತವೆ ಎಂದು ಫೈಬರ್ ಹಾಕಿದರು. ಫೈಬರ್ ಎಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ, ಬೆಳಕೇ ಮಾತನ್ನು ಹೊತ್ತೊಯ್ಯುತ್ತದೆ. ಅದರ ತುದಿಗೆ ಧೂಳು ಕೂರಬಾರದು, ಮೈ ಅತಿಯಾಗಿ ಬಾಗಬಾರದು. ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ. ನಮ್ಮವರು ಹುಬ್ಬಳ್ಳಿಗೆ ಹೋಗಿ ಆ ಕೆಲಸ ಕಲಿತು ಬಂದರು.

ಈ ಕೆಲಸದ ತೊಡಕು ಒಂದೇ. ಕೆಟ್ಟದ್ದು ಎಲ್ಲಿ ಎಂದು ಹುಡುಕಲು ಕೇಬಲ್ಲಿನ ಎರಡೂ ತುದಿಗೆ ತಿಳಿದವರು ಬೇಕು. ಒಬ್ಬರು ಬೆಳಕು ಬಿಡಬೇಕು, ಇನ್ನೊಬ್ಬರು ಎಷ್ಟು ಬಂತು ಎಂದು ಅಳೆಯಬೇಕು. ಅಂಗಡಿಯಲ್ಲಿದ್ದ ಸಹಾಯಕ ಬಸ್ ಕಂಡಕ್ಟರ್ ನೌಕರಿ ಸಿಕ್ಕಿತೆಂದು ಹೋಗಿಬಿಟ್ಟ. ಒಂದು ಸಂಜೆ ಪಡಸಾಲೆಯಲ್ಲಿ ನಮ್ಮವರು ತಾಯಿಯ ಮುಂದೆ ಮಾತು ತೆಗೆದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ಹಗುರ ಮಾಡಿದೆ.

"ಆಕಿ ಕಲತಾಕಿ ಅದಾಳ ಯವ್ವಾ. ಜೋಡಿ ಬಂದ್ರ ಕೆಲಸ ಆಗತೈತಿ."

"ಹೆಂಗಸು ಊರೂರು ತಿರುಗಿ ಏನ ಮಾಡ್ತಾಳ?"

"ವೈರಿನ ಆ ತುದಿಗಿ ಆಕಿ ನಿಂದರತಾಳ. ಈ ತುದಿಗಿ ನಾ."

"ಅಂದ್ರ ಇಬ್ಬರೂ ಒಂದ ಕಡೆ ಇರೂದಿಲ್ಲ?"

"ಇಲ್ಲವಾ. ನಡಕ ಎರಡ ಹೊಲದಷ್ಟು ದೂರ ಇರತೈತಿ."

"ಹಂಗಾದ್ರ ಹೋಗ್ಲಿ" ಅಂದರು ಅತ್ತೆ.

ದೂರ ನಿಲ್ಲುತ್ತೇವೆ ಎಂಬ ಭರವಸೆಯ ಮೇಲೆ ನನ್ನನ್ನು ಗಂಡನ ಜೊತೆ ಕಳಿಸಿದ ಮನೆ ನಮ್ಮದು. ಈಗ ನೆನೆದರೆ ನಗು ಬರುತ್ತದೆ, ಅತ್ತೆಯ ಮೇಲೆ ಪ್ರೀತಿಯೂ ಬರುತ್ತದೆ. ಅವರಿಗೆ ಟಾಕ್‌ಸೆಟ್ಟಿನ ವಿಷಯ ಯಾರೂ ಹೇಳಿರಲಿಲ್ಲ.

ಟಾಕ್‌ಸೆಟ್ ಎಂದರೆ ಎರಡು ಪೆಟ್ಟಿಗೆ, ಅಂಗೈಗಿಂತ ತುಸು ದೊಡ್ಡವು. ಒಂದೊಂದಕ್ಕೂ ಕಿವಿಗೆ ಹಾಕುವ ಬಟ್ಟಲು, ಬಾಯಿಯ ಹತ್ತಿರ ಬರುವ ಕಡ್ಡಿ. ಕೇಬಲ್ಲಿನಲ್ಲಿ ಆರು ಎಳೆ ಇದ್ದರೆ ಕಂಪ್ಯೂಟರಿಗೆ ಎರಡು ಸಾಕು, ಉಳಿದವು ಖಾಲಿ ಮಲಗಿರುತ್ತವೆ. ಆ ಖಾಲಿ ಎಳೆಯ ಎರಡು ತುದಿಗೆ ಈ ಪೆಟ್ಟಿಗೆಗಳನ್ನು ಸಿಕ್ಕಿಸಿದರೆ ಇಲ್ಲಿ ಆಡಿದ ಮಾತು ಅಲ್ಲಿ ಕಿವಿಯಲ್ಲೇ ಬಂದು ಕೂರುತ್ತದೆ. ಮಧ್ಯೆ ಯಾರೂ ಕದ್ದು ಕೇಳುವಂತಿಲ್ಲ. ಆಗಿನ್ನೂ ಎಲ್ಲರ ಕೈಯಲ್ಲಿ ಮೊಬೈಲು ಇರಲಿಲ್ಲ, ಇದ್ದವರಿಗೂ ನಮ್ಮ ಕಡೆ ಸಿಗ್ನಲ್ ಸಿಗುವುದು ಮಾಳಿಗೆ ಹತ್ತಿದರೆ ಮಾತ್ರ.

ಮೊದಲ ಕೆಲಸ ನನ್ನ ತವರೂರಲ್ಲೇ ಸಿಕ್ಕಿತು. ಕಿತ್ತೂರಿನ ಒಂದು ಕಾಲೇಜು, ಹಳೆಯ ಕಟ್ಟಡದಿಂದ ಗ್ರಂಥಾಲಯಕ್ಕೆ ಹೋಗುವ ಕೇಬಲ್ಲನ್ನು ಅಳಿಲು ಕಡಿದಿತ್ತು. ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಅವರು ಹಿಂದೆ ಸಾಮಾನಿನ ಚೀಲ ಹಿಡಿದು ನಿಂತು. ಇಳಿದ ಮೇಲೂ ಅವರು ಮುಂದೆ, ನಾನು ಹಿಂದೆ. ಅವರು ಹಳೆಯ ಕಟ್ಟಡದಲ್ಲಿ ಉಳಿದರು, ನಾನು ಗ್ರಂಥಾಲಯಕ್ಕೆ ಹೋದೆ. ಕಡಿದ ಕಡೆ ಬೆಸುಗೆ ಹಾಕಿಯಾದ ಮೇಲೆ ಪೆಟ್ಟಿಗೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡೆ.

"ಹಲೋ. ಕೇಳಸ್ತದ?"

"ಕೇಳಸ್ತದ್ರಿ."

ಅವರ ಉಸಿರು ಕೇಳುತ್ತಿತ್ತು. ಅಷ್ಟು ಹತ್ತಿರ, ಅಷ್ಟು ನಿಚ್ಚಳವಾಗಿ ಗಂಡನ ದನಿಯನ್ನು ನಾನು ಕೇಳಿದ್ದೇ ಅವತ್ತು. ಕೋಣೆಯೊಳಗೆ ಅವರು ಆಡುತ್ತಿದ್ದದ್ದು ಬರೀ ಪಿಸುಮಾತು, ಪಿಸುಮಾತಿಗೆ ಯಾರ ದನಿಯಾದರೂ ಒಂದೇ.

"ಉಂಡಿ?" ಅಂದರು.

ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡು ಗಂಟೆಯೂ ಆಗಿರಲಿಲ್ಲ. "ಉಂಡೇನ್ರಿ. ನೀವು?" ಅಂದೆ. "ನಾನೂ ಉಂಡೆ" ಅಂದರು. ಅಲ್ಲಿಗೆ ಇಬ್ಬರಿಗೂ ನಗು ಬಂದುಬಿಟ್ಟಿತು. ಗ್ರಂಥಾಲಯದಲ್ಲಿ ಓದುತ್ತಿದ್ದವರು ತಲೆಯೆತ್ತಿ ನೋಡಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಆಮೇಲೆ ನಮಗೆ ಚಟವೇ ಹತ್ತಿತು. ಬೆಳಕು ಅಳೆದಾದ ಮೇಲೂ ಪೆಟ್ಟಿಗೆ ತೆಗೆಯುತ್ತಿರಲಿಲ್ಲ. "ಇನ್ನೊಂದ ಸಲ ನೋಡೂಣು" ಅನ್ನುವರು, ನಾನು "ನೋಡೂಣ್ರಿ" ಅನ್ನುವೆ. ಅವರಿಗೆ ಹುರಿಗಡಲೆ ಹಿಟ್ಟು ಕಲಸಿದ ಪಲ್ಯ ಸೇರುವುದಿಲ್ಲ, ತಾಯಿ ಮಾಡಿದ್ದಕ್ಕೆ ಇಷ್ಟು ವರ್ಷ ತಿಂದಿದ್ದಾರೆ ಎಂದು ನನಗೆ ಗೊತ್ತಾದದ್ದು ಗಾಜಿನ ಎಳೆಯಲ್ಲಿ. ಅವರು ಸಣ್ಣವರಿದ್ದಾಗ ತಂದೆ ತೀರಿಕೊಂಡ ಮೇಲೆ ತಾಯಿ ಒಬ್ಬರೇ ಎತ್ತು ಹೂಡಿದ್ದು, ಅದಕ್ಕೇ ಇವರ ನಾಲಿಗೆ ತಾಯಿಯೆದುರು ಏಳುವುದಿಲ್ಲ ಎಂದು ತಿಳಿದದ್ದೂ ಅಲ್ಲಿಯೇ. ಮನೆಗೆ ಬಂದರೆ ಮತ್ತೆ ಎಮ್ಮೆ, ಮತ್ತೆ ಸೌಟು. ರೊಟ್ಟಿ ಬಡಿಯುವಾಗ ನಾನು ಮನಸ್ಸಿನಲ್ಲಿ, ಯಾವ ಊರಿನಲ್ಲಿ ಏನು ಕೆಟ್ಟೀತು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಯಾರದಾದರೂ ಕೇಬಲ್ ಹರಿಯಲಿ ದೇವರೇ ಎಂದು ದೀಪ ಹಚ್ಚಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ದೇವರು ಕೇಳಿಸಿಕೊಳ್ಳುತ್ತಿದ್ದ. ಸವದತ್ತಿಯ ಒಂದು ಕಚೇರಿಯಲ್ಲಿ ದಸರೆಯ ಖಂಡೇಪೂಜೆಯ ಮರುದಿನ ಇಡೀ ಜಾಲ ಮಲಗಿತು. ಹೋಗಿ ನೋಡಿದರೆ, ಅಲ್ಲಿನವರು ಭಕ್ತಿಯಿಂದ ಕಪಾಟು ತೆರೆದು, ಗಾಜಿನ ಎಳೆಗಳನ್ನೆಲ್ಲ ಬಿಚ್ಚಿ ಒರೆಸಿ, ಒಂದೊಂದರ ತುದಿಗೂ ಎಲ್ಲಮ್ಮನ ಭಂಡಾರ ಹಚ್ಚಿ, ತಿರುಗಿ ಸಿಕ್ಕಿಸಿದ್ದರು. ಕಣ್ಣಿಗೆ ಕಾಣದ ಧೂಳಿಗೇ ಬೆಳಕು ನಿಲ್ಲುವಾಗ ಇಷ್ಟು ಅರಿಸಿನದ ಮುಂದೆ ಅದರ ಆಟ ಏನು? ಒಂದೊಂದೇ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತ ಕುಳಿತೆ. ಕಚೇರಿಯ ಹಿರಿಯ ಗುಮಾಸ್ತರು ಪಕ್ಕದಲ್ಲಿ ನಿಂತು, "ಭಂಡಾರ ಒರಸಬ್ಯಾಡ್ರಿ ತಂಗಿ, ಹಂಗ ಸರಿ ಮಾಡ್ರಿ" ಅಂದರು. ನಾನು ಕಪಾಟಿನ ಬಾಗಿಲಿಗೆ ದೊಡ್ಡದಾಗಿ ಭಂಡಾರ ಬಳಿದು, "ಅವ್ವ ಹೊರಗ ಕಾಯತಾಳ್ರಿ, ಒಳಗ ಬ್ಯಾಡ" ಅಂದೆ. ಅವರಿಗೂ ಒಪ್ಪಿಗೆಯಾಯಿತು. ಆ ದಿನ ಇಡೀ ಮಧ್ಯಾಹ್ನ ನಮಗೆ ಮಾತಾಡಲು ಸಿಕ್ಕಿತು. ಎಲ್ಲಮ್ಮ ತಾಯಿ ನನ್ನ ಕಡೆಗಿದ್ದಳು.

ಅತ್ತೆ ಮಾತ್ರ ನನ್ನ ಕಡೆಗಿರಲಿಲ್ಲ. ಮದುವೆಯಾಗಿ ಮೂರನೆಯ ವರ್ಷಕ್ಕೆ ಬಿದ್ದಿದ್ದೆವು, ನನ್ನ ಮಡಿಲು ತುಂಬಿರಲಿಲ್ಲ. ಓಣಿಯವರು ಕೇಳಿ ಕೇಳಿ ಅತ್ತೆಯ ತಲೆ ತಿಂದಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ಮಗನ ತಟ್ಟೆಗೆ ನುಚ್ಚು ಬಡಿಸುತ್ತ ಹೇಳಿಯೇಬಿಟ್ಟರು. "ಬಸ್ಸಿನ ಕುಲುಕಿಗೆ ಹೊಟ್ಟಿ ನಿಂದರೂದಿಲ್ಲಪಾ. ಯುಗಾದಿ ಆದ ಮ್ಯಾಲ ಆಕಿ ಮನ್ಯಾಗ ಇರಲಿ. ನೀ ಬ್ಯಾರೆ ಯಾರನರ ನೋಡ್ಕೊ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವರು ಏನಾದರೂ ಅನ್ನುತ್ತಾರೆ ಎಂದು ಕಾದೆ. ಒಂದೇ ಒಂದು ಮಾತು, "ಇಲ್ಲವಾ, ಆಕಿ ಬೇಕು" ಅಂದಿದ್ದರೆ ಸಾಕಿತ್ತು. ಅವರು ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಂಡು ಎದ್ದರು. ಮರುದಿನ ಬೆಳಿಗ್ಗೆ ಎಮ್ಮೆಗೆ ಏನೇನೋ ಹೇಳಿದರು. ನಾನು ಸೌಟು ಬಡಿಯಲಿಲ್ಲ.

ಯುಗಾದಿಗೆ ಮುಂಚಿನ ಕಡೆಯ ಕೆಲಸ ರಾಮದುರ್ಗದ ಕಡೆ ಬಂತು. ಸುರೇಬಾನದ ರಸ್ತೆಯ ಮೇಲೆ ಒಂದು ಹತ್ತಿಯ ಗಿರಣಿ. ಗೇಟಿನ ಹತ್ತಿರದ ಆಫೀಸಿನಿಂದ ಹಿಂದುಗಡೆಯ ಗೋದಾಮಿನವರೆಗೆ ಕೇಬಲ್, ಗೋಡೆಯ ಮೇಲೆ ಕಬ್ಬಿಣದ ಪಟ್ಟಿಯ ಆಸರೆಯಲ್ಲಿ ಹೋಗಿತ್ತು. ಗೋದಾಮಿನ ಕಂಪ್ಯೂಟರ್ ನಡುನಡುವೆ ಆಫೀಸಿನ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಹೋಗುವುದು, ತಾನಾಗಿ ಬರುವುದು. ಬೇರೆ ಯಾರೋ ಬಂದು ಎರಡೂ ತುದಿಯ ಯಂತ್ರ ಬದಲಿಸಿ ಹೋಗಿದ್ದರು, ಗುಣವಾಗಿರಲಿಲ್ಲ. ಮ್ಯಾನೇಜರ್ ಸಾಹೇಬರಿಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಇನ್ನೊಂದು. "ನಾ ಗೋದಾಮಿಗೆ ನೋಡಾಕ ಹೋದ್ರ ಎಲ್ಲಾ ಬರೋಬರಿ ನಡೀತೈತ್ರಿ. ತಿರಗಿ ಬಂದ ಕುರ್ಚಿ ಮ್ಯಾಲ ಕುಂತ್ರ ಮತ್ತ ಬಂದ್."

ನಾವು ತುದಿಗಳನ್ನು ಒರೆಸಿ ನೋಡಿದೆವು. ಬೆಳಕು ಅಳೆದು ನೋಡಿದೆವು. ಒಂದು ಹನಿ ಬೆಳಕೂ ಸೋರುತ್ತಿರಲಿಲ್ಲ. ಕಣ್ಣಿಗೆ ಬೀಳದ ಇಂಥ ಕಾಯಿಲೆಗೆ ನಮ್ಮವರು ಕಂಡುಕೊಂಡಿದ್ದ ಮದ್ದು ಒಂದಿತ್ತು. ಖಾಲಿ ಎಳೆಗೆ ಟಾಕ್‌ಸೆಟ್ ಹಾಕಿ ಎರಡೂ ಕಡೆ ಕುಳಿತು ಮಾತಾಡುತ್ತಲೇ ಇರುವುದು. ಕೇಬಲ್ಲಿಗೆ ಎಲ್ಲಿ ನೋವಾದರೂ ಆರೂ ಎಳೆಗೆ ಆಗುತ್ತದೆ, ಮಾತು ಮಸುಕಾಗುತ್ತದೆ. ಆಗ ನಡುವೆ ಅಡ್ಡಾಡುವವರು ಎಲ್ಲಿದ್ದಾರೆ, ಅಲ್ಲಿ ಏನಾಯಿತು ಎಂದು ನೋಡಬೇಕು. ಆ ಅಡ್ಡಾಡುವ ಕೆಲಸಕ್ಕೆ ಗಿರಣಿಯ ಕಾವಲುಗಾರ ಚಾಚಾ ಒಪ್ಪಿದ. ಬಿಳಿ ಗಡ್ಡದ ಮುದುಕ, ಬೆತ್ತ ಹಿಡಿದು ಗೋಡೆಗುಂಟ ಪಟ್ಟಿಯನ್ನು ತಟ್ಟುತ್ತ ನಡೆಯುವುದು ಅವನ ಪಾಲು.

ನಮ್ಮವರು ಆಫೀಸಿನಲ್ಲಿ, ನಾನು ಗೋದಾಮಿನಲ್ಲಿ. "ಒಂದ ಮಾತ ನೆನಪಿಡು" ಅಂದಿದ್ದರು ಚೀಲ ಬಿಚ್ಚುವಾಗ. "ಒಬ್ಬರರ ಮಾತಾಡತಿರಬೇಕು. ಇಬ್ಬರೂ ಸುಮ್ಮನಾದ್ರ ಎಳಿ ಕೆಟ್ಟದ್ದೋ ಮಂದಿ ಸುಮ್ಮನಾಗಿದ್ದೋ ತಿಳಿಯೂದಿಲ್ಲ."

ಮನೆಯಲ್ಲಿ ಮಾತಾಡಬೇಡಿ ಅನ್ನುವ ಲೋಕದಲ್ಲಿ, ಮಾತು ನಿಲ್ಲಿಸಬೇಡಿ ಅನ್ನುವ ಕೆಲಸ ಅದೊಂದೇ ಇತ್ತು. ಅದೂ ಕಡೆಯ ಸಲ. ಮೊದಲ ದಿನ ಸಂಜೆಯವರೆಗೆ ಮಾತಾಡಿದೆವು, ಕೇಬಲ್ ತನ್ನ ಕಾಯಿಲೆ ತೋರಿಸಲಿಲ್ಲ. ಮ್ಯಾನೇಜರ್ ಸಾಹೇಬರು ಆ ದಿನ ಗೋದಾಮಿನಲ್ಲೇ ಠಿಕಾಣಿ ಹೂಡಿದ್ದರು, ನಾವು ಸರಿಯಾಗಿ ಕೆಲಸ ಮಾಡುತ್ತೇವೋ ಇಲ್ಲವೋ ಎಂದು ನೋಡಲು. ನನಗೆ ಒಳಗೊಳಗೇ ಸಂತೋಷ. ನಾಳೆ ಮತ್ತೆ ಬರಬಹುದಲ್ಲ. ಸಾಲಹಳ್ಳಿಯ ಮೇಲೆ ಹಾದು ಯರಗಟ್ಟಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ. ಕಿಟಕಿಯ ಗಾಜಿನಲ್ಲಿ ಅವರ ಮುಖ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ಅವರೂ ಗಾಜನ್ನೇ ನೋಡುತ್ತಿದ್ದರು.

ಎರಡನೆಯ ದಿನ ಸಾಹೇಬರು ಬೇಸತ್ತು ಆಫೀಸಿನಲ್ಲೇ ಉಳಿದರು. ನಾವು ಮಾತು ಶುರು ಮಾಡಿದೆವು. ಹೇಳಲು ಏನೂ ಉಳಿಯದಾದಾಗ ಅವರು, "ಒಡಪ ಹೇಳು" ಅಂದರು. ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅದು. ಆ ಒಂದು ದಿನ ಬಿಟ್ಟರೆ ಗಂಡನ ಹೆಸರು ನಾಲಿಗೆಯ ಮೇಲೆ ಬರಬಾರದು. ನಾನು ಗೋದಾಮಿನಲ್ಲಿ ಹತ್ತಿಯನ್ನು ಒತ್ತಿ ಕಟ್ಟಿದ ದೊಡ್ಡ ಅಂಡಿಗೆಗಳ ನಡುವೆ ಕುಳಿತು, ಸುತ್ತ ನೋಡಿ, ಅಲ್ಲೇ ಒಂದನ್ನು ಕಟ್ಟಿದೆ. "ಗಿರಣಿ ಗ್ವಾಡಿ ಮ್ಯಾಲ ಗಾಜಿನ ದಾರ, ನಮ್ಮ ರಾಯರು ಮನ್ಯಾಗ ಹತ್ತರ ಇದ್ದೂ ದೂರ." ರಾಯರು ಅನ್ನುವ ಕಡೆ ಅವರ ಹೆಸರನ್ನೇ ಹೇಳಿದ್ದೆ. ಇಲ್ಲಿ ಬರೆಯುವುದಿಲ್ಲ, ಅದು ನನ್ನದು.

ಆ ಕಡೆಯಿಂದ ಮೆಲ್ಲಗೆ, "ಖರೇ ಅದ" ಅಂದರು.

ಅವತ್ತು ನನಗೆ ಎಲ್ಲಿಂದಲೋ ಧೈರ್ಯ ಬಂತು. ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು. ಕೇಳಿದೆ. "ನಾ ಬರೂದು ಬಿಟ್ರ ನಿಮಗ ಏನರ ಅನಸ್ತದ ಏನ್ರಿ?"

ಉತ್ತರಕ್ಕಾಗಿ ಎರಡೂ ಕೈಯಿಂದ ಕಿವಿಯ ಬಟ್ಟಲುಗಳನ್ನು ಒತ್ತಿ ಹಿಡಿದುಕೊಂಡೆ. ಅವರು ಕೆಮ್ಮಿದರು. ಮಾತು ಶುರು ಮಾಡಿದರು. "ನಾ..." ಅಂದದ್ದು ಕೇಳಿತು. ಆಮೇಲೆ ದನಿ ಮಸುಕಾಯಿತು, ಹೋಯಿತು. ಮತ್ತೆ ಬಂತು, "ಅವ್ವಗ..." ಮತ್ತೆ ಹೋಯಿತು. ಬಂತು, ಹೋಯಿತು, ಬಂತು, ಹೋಯಿತು. ಕೆಟ್ಟ ಎಳೆ ಹೀಗೆ ನಡೆದುಕೊಳ್ಳುವುದಿಲ್ಲ, ಅದು ಗೊಗ್ಗರು ದನಿ ಮಾಡುತ್ತದೆ ಇಲ್ಲವೆ ಸತ್ತುಹೋಗುತ್ತದೆ. ಇದು ಒಂದು ಲಯ ಹಿಡಿದು ಓಲಾಡುತ್ತಿತ್ತು. ನನ್ನ ಗಂಡನ ದನಿಯನ್ನು ಯಾರೋ ತೂಗುತ್ತಿದ್ದರು.

ತೂಗುತ್ತಿದ್ದಾರೆ ಎಂದು ಮನಸ್ಸಿಗೆ ಬಂದದ್ದೇ ತಡ, ಎಲ್ಲ ಒಮ್ಮೆಗೇ ಹೊಳೆಯಿತು. ಕಿವಿಯದನ್ನು ಕಿತ್ತಿಟ್ಟು ಎದ್ದು ಓಡಿದೆ. ಸಿಕ್ಕಿತು, ಸಿಕ್ಕಿತು ಅನ್ನುವ ಸಂತೋಷ. ಕೆಲಸ ಬಲ್ಲವರಿಗೆ ಆ ಸಂತೋಷದ ಮುಂದೆ ಬೇರೆ ಯಾವುದೂ ನೆನಪಿರುವುದಿಲ್ಲ.

ಗೋದಾಮಿಗೂ ಗಿರಣಿಗೂ ನಡುವಿನ ಓಣಿಯ ಮೂಲೆಯಲ್ಲಿ, ಕೇಬಲ್ ತಿರುಗುವ ಕಡೆ, ಕಬ್ಬಿಣದ ಪಟ್ಟಿಗೆ ಹಳೆಯ ಸೀರೆಯೊಂದು ಜೋತುಬಿದ್ದಿತ್ತು. ಅದರೊಳಗೆ ಕೂಸು. ಕೆಳಗೆ ಕುಳಿತ ತಾಯಿ ಎರಡೂ ಕೈಯಿಂದ ಕಸದ ಹತ್ತಿ ಆರಿಸುತ್ತ, ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡ ದಾರದಿಂದ ಜೋಳಿಗೆ ತೂಗುತ್ತಿದ್ದಳು. ಪಟ್ಟಿಯ ಜೊತೆಗೆ ಕೇಬಲ್ಲನ್ನೂ ಸೇರಿಸಿ ಗಂಟು ಹಾಕಿದ್ದಳು. ಕೂಸು ಆ ಕಡೆ ಹೋದಾಗ ಎಳೆ ಬಾಗುತ್ತಿತ್ತು, ಈ ಕಡೆ ಬಂದಾಗ ಸಡಿಲವಾಗುತ್ತಿತ್ತು. ಗಿರಣಿಯೊಳಗೆ ಕೂಸು ತರಕೂಡದು ಎಂಬ ನಿಯಮ. ಮ್ಯಾನೇಜರ್ ಸಾಹೇಬರ ಬೂಟಿನ ಸದ್ದು ಕೇಳಿದರೆ ಕೂಸನ್ನೆತ್ತಿಕೊಂಡು ಜೋಳಿಗೆ ಬಿಚ್ಚಿ ಅಂಡಿಗೆಯ ಹಿಂದೆ ಹೋಗಿಬಿಡುತ್ತಿದ್ದಳು. ಕಂಪ್ಯೂಟರ್ ಸಾಹೇಬರಿಗೆ ಹೆದರಿ ಸರಿಯಾಗುತ್ತಿದ್ದದ್ದು ಹೀಗೆ. ಅಷ್ಟರಲ್ಲಿ ಬೆತ್ತ ಊರುತ್ತ ಬಂದ ಚಾಚಾ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅವನಿಗೆ ಕೂಸಿನ ಗುಟ್ಟು ಗೊತ್ತಿತ್ತು, ಕೇಬಲ್ಲಿನ ಗುಟ್ಟು ಗೊತ್ತಿರಲಿಲ್ಲ.

"ನಮ್ಮ ಕೂಸಿನಿಂದ ಕಂಪ್ಯೂಟರ್ ಕೆಟ್ಟಿತ್ತೇನ್ರಿ ಯಕ್ಕಾ?" ಎಂದು ಆಕೆ ಎದ್ದು ನಿಂತಳು.

"ಏನೂ ಆಗಿಲ್ಲ. ಗಂಟ ಒಂದ ಅಲ್ಲಿ ಹಾಕಬ್ಯಾಡ" ಅಂದೆ. "ಯಾರಿಗೂ ಹೇಳೂದಿಲ್ಲ."

ಚಾಚಾ ಒಂದು ತೊಲೆ ತೋರಿಸಿದ, ಸಾಹೇಬರ ಕಣ್ಣಿಗೆ ಬೀಳದ್ದು. ನಾನೇ ಅಲ್ಲಿ ಜೋಳಿಗೆ ಕಟ್ಟಿದೆ. ಅವಳು ಹತ್ತಿಯ ಬುಟ್ಟಿ ಎತ್ತಿಕೊಂಡು ಬರುವವರೆಗೆ ಕೂಸು ಅಳದಿರಲಿ ಎಂದು ತೂಗುತ್ತ ನಿಂತೆ. ಬೆಳ್ಳುಳ್ಳಿ ಎಣ್ಣೆ ಹಚ್ಚಿದ ತಲೆ, ಹಣೆಯ ಮೇಲೆ ದೃಷ್ಟಿಬೊಟ್ಟು. ನನ್ನ ಬೆರಳನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ನನಗೂ ಬೇಕಿತ್ತಲ್ಲ, ಬೇಡವಾಗಿತ್ತು ಎಂದು ಯಾರು ಹೇಳಿದರು?

ತಲೆಯೆತ್ತಿದಾಗ ಓಣಿಯ ಬಾಯಲ್ಲಿ ನಮ್ಮವರು ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ನನ್ನ ಮುಖ ನೋಡಿದರು, ಜೋಳಿಗೆಯ ಮೇಲಿದ್ದ ನನ್ನ ಕೈ ನೋಡಿದರು. "ಸಿಕ್ತ್ರಿ" ಅಂದೆ. "ಹೂಂ" ಅಂದರು. ಅಷ್ಟೇ. ಮೂಲೆಯಲ್ಲಿ ಕೇಬಲ್ ಬಾಗಿತ್ತು, ನೆಟ್ಟಗೆ ಮಾಡಿದೆವು ಎಂದು ಸಾಹೇಬರಿಗೆ ಹೇಳಿದೆವು. ಅದು ಸುಳ್ಳೂ ಅಲ್ಲ.

ಅವರು ಏನು ಹೇಳುತ್ತಿದ್ದರು ಎಂಬುದು ನನಗೆ ನೆನಪಾದದ್ದು ಬಸ್ಸು ರಾಮದುರ್ಗ ಬಿಟ್ಟ ಮೇಲೆ. ಹಿಂದೆ ತಿರುಗಿ ನೋಡಿದೆ. ಅವರು ಕಂಬಿ ಹಿಡಿದು ಬೇರೆ ಕಡೆ ನೋಡುತ್ತಿದ್ದರು. ನಾಳೆ ಕೇಳಿದರಾಯಿತು ಅಂದುಕೊಂಡೆ. ಕೆಲಸ ಮುಗಿದಿತ್ತು, ಗಾಜಿನ ಎಳೆಯ ನಾಳೆ ಇನ್ನು ಬರುವುದಿಲ್ಲ ಎಂದು ಆಮೇಲೆ ಹೊಳೆಯಿತು. ಅವರೇ ಇನ್ನೊಮ್ಮೆ ಹೇಳಲಿ ಎಂದು ಕಾದೆ. ಹೇಳಲಿಲ್ಲ. ಎರಡನೆಯ ಸಲ ಕೇಳಲು ನನ್ನ ಸೊಕ್ಕು ಬಿಡಲಿಲ್ಲ. ಕೇಳಿದ್ದು ಎರಡೇ ತುಣುಕು, ಅದರಲ್ಲಿ ಒಂದು ಅವ್ವ. ಅವ್ವ ಹೇಳಿದ್ದೇ ಸರಿ ಅಂದಿರುತ್ತಾರೆ ಬಿಡು ಎಂದುಕೊಂಡೆ. ಯುಗಾದಿ ಬಂತು, ಬೇವು ತಿಂದೆವು, ನಾನು ಮನೆಯಲ್ಲಿ ಉಳಿದೆ.

ಮುಂದಿನ ವರ್ಷ ಮಗಳು ಹುಟ್ಟಿದಳು. ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದರು. ಮಗಳ ತೊಟ್ಟಿಲು ತೂಗುವಾಗ ನನಗೆ ದಿನಕ್ಕೊಮ್ಮೆಯಾದರೂ ಆ ದನಿ ನೆನಪಾಗುತ್ತಿತ್ತು, ಬಂದು ಹೋಗಿ, ಬಂದು ಹೋಗಿ. ಮಗಳು ಮುದ್ದು, ಸಂಸಾರಕ್ಕೆ ಕೊರತೆಯಿಲ್ಲ, ಆದರೂ ಮಧ್ಯಾಹ್ನದ ಹೊತ್ತು ಹತ್ತಿಯ ಅಂಡಿಗೆಗಳ ನಡುವೆ ಕುಳಿತು ಗಂಡನ ಉಸಿರು ಕೇಳಬೇಕು ಎಂದು ಆಸೆಯಾಗುತ್ತಿತ್ತು. ಮನೆಯೊಳಗೇ ಇರುವ ಗಂಡನಿಗಾಗಿ ಹಂಬಲಿಸುತ್ತೇನೆ ಎಂದು ಯಾರ ಮುಂದೆ ಹೇಳಲಿ?

ಆಮೇಲೆ ಊರ ಹೊರಗೆ ಸ್ವಂತದ ಮನೆ ಕಟ್ಟಿಸಿದೆವು. ಹಲಗೆಯ ಗೋಡೆ ಹೋಗಿ ಇಟ್ಟಿಗೆಯ ಗೋಡೆ ಬಂತು. ಎಮ್ಮೆ ಮಾರಿದೆವು. ಇಬ್ಬರ ಕೈಗೂ ಮೊಬೈಲು ಬಂತು. ಅತ್ತೆಗೆ ಕಿವಿ ಮಂದವಾಯಿತು, ಕಡೆಗಾಲದಲ್ಲಿ ನನ್ನ ಕೈಯಿಂದಲೇ ಉಂಡು ನೆಮ್ಮದಿಯಿಂದ ಹೋದರು. ಬೇಕಾದಷ್ಟು ಮಾತಾಡಬಹುದಾದ ಮನೆ ಸಿಕ್ಕಾಗ ಮಾತಾಡುವ ರೂಢಿ ತಪ್ಪಿತ್ತು. ಹಾಲು ಬಂತಾ, ಮಗಳು ಸಾಲಿಯಿಂದ ಬಂದಳಾ, ಕರೆಂಟು ಹೋತು. ಇಷ್ಟರಲ್ಲಿ ದಿನ ಮುಗಿಯುವುದು.

ಅತ್ತೆ ತೀರಿಕೊಂಡ ಮರುವರ್ಷದ ಒಂದು ಭಾನುವಾರ ಅವರು ಅಟ್ಟ ಸ್ವಚ್ಛ ಮಾಡುತ್ತ ಟಾಕ್‌ಸೆಟ್ಟಿನ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಈಗ ಅದು ಯಾರಿಗೂ ಬೇಡ, ಗುಜರಿಗೆ ಹಾಕೋಣವೇ ಎಂದು ಕೇಳಿದರು. ನಾನು ಸೆರಗಿನಿಂದ ಒಂದರ ಧೂಳು ಒರೆಸಿದೆ. ಅವರು ಇನ್ನೊಂದನ್ನು ಕೈಯಲ್ಲಿ ತಿರುಗಿಸುತ್ತ, ನನ್ನ ಕಡೆ ನೋಡದೆ ಹೇಳಿದರು.

"ಅವತ್ತ ರಾಮದುರ್ಗದಾಗ ನಾ ಅಷ್ಟ ಕೇಳಿದೆ. ನೀ ಒಂದ ಮಾತ ಆಡಲಿಲ್ಲ, ಎದ್ದ ಹೋದಿ."

"ಏನ ಕೇಳಿದ್ರಿ?"

ಅವರು ತಲೆಯೆತ್ತಿದರು. "ಆಕಿ ಇಲ್ಲದ ನನಗ ಕೆಲಸ ಆಗೂದಿಲ್ಲ ಅಂತ ಅವ್ವಗ ಹೇಳತೇನಿ, ಹೇಳ್ಲಿ ಏನು, ಹೂಂ ಅನ್ನು ಅಂತ ಕೇಳಿದ್ದೆ. ನೀ ಸುಮ್ಮನಾದಿ. ಬಂದ ನೋಡಿದ್ರ ಕೂಸಿನ ಜೋಳಿಗಿ ತೂಗಾಕ ಹತ್ತಿದ್ದಿ. ನಿನ್ನ ಮುಖಾ ನೋಡಿದೆ. ಇದ ಉತ್ತರ ಅಂತ ತಿಳಕೊಂಡೆ."

ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು. ಎಳೆಯ ದೋಷ ಹುಡುಕಿಯೇ ಹೊಟ್ಟೆ ಹೊರೆದ ಮನುಷ್ಯ, ಆ ಮೌನ ಎಳೆಯದೋ ಹೆಂಡತಿಯದೋ ಎಂದು ಪರೀಕ್ಷೆ ಮಾಡಲಿಲ್ಲ. ನನಗೆ ಹೇಳಿಕೊಟ್ಟದ್ದು ಇವರೇ. "ಆವಾಗ ಕೂಸ ತೂಗತಿತ್ತ್ರಿ" ಅಂದೆ. "ನಿಮ್ಮ ಮಾತ ನನಗ ಮುಟ್ಟಲೇ ಇಲ್ಲ."

ಅವರು ಆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟರು. "ಅವ್ವ ಒಪ್ಪತಿದ್ಲು ಅನಸ್ತದ" ಅಂದರು. "ನಾ ಒಂದ ಸಲ ಕೇಳಿದ್ರ ಸಾಕಿತ್ತು."

ನಾನು ಎದ್ದು ಅಡುಗೆಮನೆಗೆ ಹೋದೆ, ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಅವರು ಪಡಸಾಲೆಯಲ್ಲಿ ಎದ್ದು ನಿಂತ ಸದ್ದು ಕೇಳಿಸಿತು. ಬಾಗಿಲ ಸಂದಿನಿಂದ ನೋಡಿದೆ. ಗೋಡೆಯ ಮೇಲಿನ ತಾಯಿಯ ಫೋಟೋದ ಮುಂದೆ ನಿಂತಿದ್ದರು, ಹಿಂದೆ ಎಮ್ಮೆಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ, ನನಗೆ ಬೆನ್ನು ಮಾಡಿ.

"ಯವ್ವಾ, ಆಕಿ ಇಲ್ಲದ ನನಗ ಕೆಲಸ ಆಗೂದಿಲ್ಲ" ಅಂದರು.

ನಾನು ಸೌಟು ತೆಗೆದುಕೊಂಡು ಪಾತ್ರೆಗೆ ಒಂದು ಸಲ ಬಡಿದೆ.